ದಾಖಲೆ ಪತ್ರ ಕೆಡುತ್ತಿದೆಯಾ? ಕಾರಣ ಹಿಡಿಯುವುದು ಹೀಗೆ

ಹತ್ತು ವರ್ಷ ಬೀರುವಿನಲ್ಲೇ ಇದ್ದ ಕ್ರಯಪತ್ರವನ್ನು ಒಂದು ದಿನ ಹೊರಗೆ ತೆಗೆದೆ. ಪ್ಲಾಸ್ಟಿಕ್ ಕವರಿನಿಂದ ಹಾಳೆಯನ್ನು ಎಳೆದಾಗ ಚರ್ರ್ ಅಂತ ಸದ್ದಾಯಿತು. ಕಾಗದ ಈಚೆ ಬಂತು, ಅರ್ಧ ಅಕ್ಷರಗಳು ಕವರಿನಲ್ಲೇ ಉಳಿದವು. ಕವರನ್ನು ಬೆಳಕಿಗೆ ಹಿಡಿದರೆ ಒಂದು ಪ್ಯಾರಾ ಪೂರ್ತಿ ಓದಬಹುದಿತ್ತು! ನೀರು ಬಿದ್ದಿರಲಿಲ್ಲ, ಗೆದ್ದಲು ಹತ್ತಿರಲಿಲ್ಲ, ಇಲಿ ಮುಟ್ಟಿರಲಿಲ್ಲ. ಕೆಡದಿರಲಿ ಅಂತ ನಾನೇ ಹಾಕಿದ ಕವರು ಅದನ್ನು ಕೆಡಿಸಿತ್ತು.

ಆಮೇಲೆ ಬೇರೆಯವರ ದಾಖಲೆಗಳನ್ನು ನೋಡುವಾಗಲೂ ನಾನು ಮೊದಲು ಕೇಳುವುದು ಒಂದೇ: ಇದನ್ನು ಕಾಪಾಡೋಕೆ ಅಂತ ಏನೇನು ಮಾಡಿದ್ದೀರಿ? ಕವರು, ಟೇಪು, ಲ್ಯಾಮಿನೇಷನ್, ನುಸಿಗುಳಿಗೆ, ಬೆಂಕಿ ತಡೆಯುವ ಪೆಟ್ಟಿಗೆ... ಕಾರಣ ಬಹಳ ಸಲ ಈ ಪಟ್ಟಿಯಲ್ಲೇ ಇರುತ್ತದೆ.

ಕೈ ಹಾಕುವ ಮೊದಲು

ದಾಖಲೆ ಬರೀ ಕಾಗದ ಅಲ್ಲ, ಸಾಕ್ಷಿ. ಚೆನ್ನಾಗಿ ಕಾಣಿಸಲಿ ಅಂತ ಅಂಚು ಕತ್ತರಿಸಿದರೆ, ಮಸುಕಾದ ಅಕ್ಷರದ ಮೇಲೆ ಪೆನ್ನಾಡಿಸಿದರೆ, ಮುಂದೆ ಯಾರೋ "ಇಲ್ಲಿ ತಿದ್ದಿದ್ದಾರೆ" ಅನ್ನಬಹುದು. ಅದಕ್ಕೇ ಏನನ್ನೂ ಬಿಚ್ಚುವ ಮೊದಲು ಈಗ ಹೇಗಿದೆಯೋ ಹಾಗೇ ಫೋಟೋ ತೆಗೆಯಿರಿ. ಎರಡೂ ಬದಿ, ಪಿನ್ನು ಕವರುಗಳ ಸಮೇತ. ಹಿಂಬದಿ ಖಾಲಿ ಇದ್ದರೂ ಬಿಡಬೇಡಿ, ಮುದ್ರೆಯ ಅಚ್ಚು ಅಲ್ಲೇ ಇರುವುದುಂಟು.

ಕೈ ತೊಳೆದು ಚೆನ್ನಾಗಿ ಒರೆಸಿಕೊಳ್ಳಿ. ಸಿನಿಮಾದಲ್ಲಿ ತೋರಿಸುವ ಬಿಳಿ ಹತ್ತಿ ಗ್ಲೌಸ್ ಬೇಡ. ಅದನ್ನು ಹಾಕಿಕೊಂಡರೆ ಹಾಳೆಯ ಅಂಚು ಬೆರಳಿಗೆ ಗೊತ್ತಾಗುವುದಿಲ್ಲ, ಹರಿಯುವ ಸಂಭವವೇ ಜಾಸ್ತಿ. ಏನಾದರೂ ಗುರುತು ಹಾಕಬೇಕಾದರೆ ಹೊರಗಿನ ಲಕೋಟೆಯ ಮೇಲೆ ಪೆನ್ಸಿಲ್‌ನಲ್ಲಿ ಹಾಕಿ.

ಎಲ್ಲಿ ಕೆಟ್ಟಿದೆ ಅನ್ನುವುದೇ ದೊಡ್ಡ ಸುಳಿವು

ಯಾವುದೇ ದಾಖಲೆ ಕೆಟ್ಟರೂ ಅನುಮಾನ ಪಡಬೇಕಾದ್ದು ನಾಲ್ಕರ ಮೇಲೆ: ಕಾಗದ, ಶಾಯಿ, ಅದಕ್ಕೆ ತಾಗಿಕೊಂಡಿರುವ ವಸ್ತು, ಇಟ್ಟಿರುವ ಜಾಗ. ಯಾವುದು ಅಂತ ತಿಳಿಯಲು ಕಲೆಯ ಆಕಾರ ನೋಡಿ.

ಅಂಚಿನಲ್ಲಿ ಮಾತ್ರ ಕಂದಾಗಿದ್ದು ನಡುವೆ ಬೆಳ್ಳಗಿದ್ದರೆ ಅದು ಗಾಳಿ ಮತ್ತು ಬೆಳಕಿನ ಕೆಲಸ, ಅಂದರೆ ಜಾಗದ ದೋಷ. ಇಡೀ ಹಾಳೆ ಒಂದೇ ಸಮ ಹಳದಿಯಾಗಿದ್ದರೆ ಕಾಗದದ ಒಳಗೇ ತೊಂದರೆ ಇದೆ. ಕಲೆಗೆ ಚೌಕ, ಪಟ್ಟಿ ಅಥವಾ ಕ್ಲಿಪ್ಪಿನ ಆಕಾರ ಇದ್ದರೆ ಅಲ್ಲಿ ಏನೋ ತಾಗಿಕೊಂಡಿತ್ತು. ಅಕ್ಷರ ಇರುವ ಕಡೆ ಮಾತ್ರ ಕಂದು ಅಥವಾ ಬಿರುಕು ಇದ್ದರೆ ಶಾಯಿಯೇ ಕಾರಣ. ಅಲೆ ಅಲೆಯಾಗಿ ಹರಡಿ, ಅಂಚಿನಲ್ಲಿ ಕಡು ಗೆರೆ ಇರುವ ಕಲೆ ನೀರಿನದು. ನೀರು ಒಣಗುತ್ತಾ ಕೊಳೆಯನ್ನೆಲ್ಲ ಅಂಚಿಗೆ ತಳ್ಳಿ ನಿಲ್ಲಿಸಿರುತ್ತದೆ.

ಇದೊಂದನ್ನು ಸರಿಯಾಗಿ ನೋಡಿದರೆ ಅರ್ಧ ಕೆಲಸ ಮುಗಿದ ಹಾಗೆ. ಟಾರ್ಚನ್ನು ಪಕ್ಕದಿಂದ ಓರೆಯಾಗಿ ಬಿಟ್ಟು, ಭೂತಗನ್ನಡಿ ಹಿಡಿದು ನೋಡಿ. ನೇರ ಬೆಳಕಿನಲ್ಲಿ ಕಾಣದ ಉಬ್ಬು, ತಗ್ಗು, ಬೂಷ್ಟು ಎಲ್ಲ ಆಗ ಕಾಣುತ್ತವೆ.

ಅಕ್ಷರ ಕವರಿಗೆ ಅಂಟಿದೆ

ನನಗಾದದ್ದು ಇದೇ. ಮೆತ್ತಗಿನ ಪ್ಲಾಸ್ಟಿಕ್ ಕವರುಗಳಲ್ಲಿ ಹಲವು ಪಿವಿಸಿಯಿಂದ ಮಾಡಿದ್ದು. ಪಿವಿಸಿ ಮೂಲದಲ್ಲಿ ಗಡುಸು. ಅದನ್ನು ಮೆತ್ತಗೆ ಮಾಡಲು ಎಣ್ಣೆಯಂಥ ರಾಸಾಯನಿಕ ಬೆರೆಸುತ್ತಾರೆ. ವರ್ಷ ಕಳೆದಂತೆ ಆ ಎಣ್ಣೆ ಹೊರಗೆ ಜಿನುಗುತ್ತದೆ. ಲೇಸರ್ ಪ್ರಿಂಟರ್ ಮತ್ತು ಜೆರಾಕ್ಸ್ ಯಂತ್ರದ ಟೋನರ್ ಅಂದರೆ ಬಣ್ಣದ ಪ್ಲಾಸ್ಟಿಕ್ ಪುಡಿ. ಎಣ್ಣೆ ತಾಗಿದರೆ ಅದು ಮೆತ್ತಗಾಗಿ ಕವರಿಗೆ ಹತ್ತಿಕೊಳ್ಳುತ್ತದೆ. ಪಿವಿಸಿ ಹಳೆಯದಾದಂತೆ ಹೈಡ್ರೋಕ್ಲೋರಿಕ್ ಆಮ್ಲವನ್ನೂ ಬಿಡುತ್ತದೆ, ಕಾಗದಕ್ಕೆ ಅದೂ ವಿಷವೇ.

ಕವರು ಪಿವಿಸಿ ಹೌದೋ ಅಲ್ಲವೋ ಅಂತ ಮೂಗಿಗೆ ಸುಮಾರಾಗಿ ಗೊತ್ತಾಗುತ್ತದೆ. ಹೊಸ ರೇನ್‌ಕೋಟಿನ ವಾಸನೆ ಬಂದರೆ, ಮುಟ್ಟಿದರೆ ತುಸು ಜಿಡ್ಡು ಅನ್ನಿಸಿದರೆ ಅನುಮಾನ ಪಡಿ. ಬಳಸಬಹುದಾದ ಪ್ಲಾಸ್ಟಿಕ್ ಮೂರು: ಪಾಲಿಯೆಸ್ಟರ್, ಪಾಲಿಪ್ರೊಪಿಲೀನ್, ಪಾಲಿಥೀನ್. ಪಾಲಿಯೆಸ್ಟರ್ ಗಾಜಿನಂತೆ ತಿಳಿ, ಬಗ್ಗಿಸಿದರೆ ಗರಗರ ಅನ್ನುತ್ತದೆ. ಪೊಟ್ಟಣದ ಮೇಲೆ "ಆರ್ಕೈವಲ್" (ದೀರ್ಘಕಾಲ ಇಡಲು ತಕ್ಕದ್ದು) ಅಂತ ಬರೆದಿದ್ದರೆ ಅದಕ್ಕೆ ಮರುಳಾಗಬೇಡಿ. ಯಾವ ಪ್ಲಾಸ್ಟಿಕ್ ಅಂತ ಹೆಸರು ಕೇಳಿ.

ಈಗಾಗಲೇ ಅಂಟಿದ್ದರೆ ಎಳೆಯಬೇಡಿ, ನನ್ನ ತಪ್ಪು ಅದೇ. ಕತ್ತರಿಯಿಂದ ಕವರಿನ ಅಂಟದ ಬದಿಗಳನ್ನು ಬಿಡಿಸಿ, ಅಂಟಿದ ಭಾಗವನ್ನು ಹಾಗೇ ಬಿಟ್ಟು, ಕವರಿನ ಮೇಲಿಂದಲೇ ಸ್ಕ್ಯಾನ್ ಮಾಡಿಕೊಳ್ಳಿ. ಬೇರ್ಪಡಿಸುವುದನ್ನು ಕಾಗದ ಸಂರಕ್ಷಣೆ ಬಲ್ಲವರಿಗೆ ಬಿಡಿ.

ಇನ್ನೊಂದು ಮಾತು. ಒಳ್ಳೆಯ ಪ್ಲಾಸ್ಟಿಕ್ ಆದರೂ ನಾಲ್ಕೂ ಕಡೆ ಸೀಲ್ ಮಾಡಬೇಡಿ. ಹಳೆಯ ಕಾಗದದಿಂದ ಆಮ್ಲ ಹೊರಡುತ್ತಲೇ ಇರುತ್ತದೆ. ದಾರಿ ಮುಚ್ಚಿದರೆ ಅದು ಅಲ್ಲೇ ಕೂತು ಕಾಗದವನ್ನೇ ತಿನ್ನುತ್ತದೆ.

ಹಳದಿಯಾಗಿದೆ, ಮುಟ್ಟಿದರೆ ಮುರಿಯುತ್ತದೆ

ನಾನೂರು ವರ್ಷ ಹಳೆಯ ಕಾಗದ ಗಟ್ಟಿಯಾಗಿರುತ್ತದೆ, ಅರವತ್ತು ವರ್ಷದ್ದು ಪುಡಿಯಾಗುತ್ತದೆ. ವಿಚಿತ್ರ ಅಲ್ವಾ? ಹಿಂದೆ ಯುರೋಪಿನಲ್ಲಿ ಕಾಗದವನ್ನು ಹಳೆ ಬಟ್ಟೆಯ ನಾರಿನಿಂದ ಮಾಡುತ್ತಿದ್ದರು. 19ನೇ ಶತಮಾನದ ನಡುವಿನಲ್ಲಿ ಮರದ ತಿರುಳು ಬಂತು. ಅದರ ಜೊತೆ ಬರುವ ಲಿಗ್ನಿನ್, ಅಂದರೆ ಮರದ ನಾರುಗಳನ್ನು ಬಿಗಿದಿಡುವ ಪದಾರ್ಥ, ಬೆಳಕಿಗೆ ಹಳದಿಯಾಗುತ್ತದೆ. ಅದಕ್ಕೂ ಮೊದಲೇ, 1807ರಲ್ಲಿ, ಜರ್ಮನಿಯ ಮೊರಿಟ್ಸ್ ಇಲ್ಲಿಗ್ ಎಂಬಾತ ಶಾಯಿ ಹರಡದಂತೆ ಕಾಗದಕ್ಕೆ ರಾಳ ಮತ್ತು ಪಟಿಕ ಬೆರೆಸುವ ವಿಧಾನ ಪ್ರಕಟಿಸಿದ್ದ. ಅಗ್ಗದ ವಿಧಾನ, ಎಲ್ಲರೂ ಹಿಡಿದುಕೊಂಡರು. ಆದರೆ ಈ ಪಟಿಕ ತೇವದ ಜೊತೆ ಸೇರಿ ಆಮ್ಲವಾಗುತ್ತದೆ. ಆಮ್ಲ ನಾರಿನ ಉದ್ದ ಸರಪಳಿಯನ್ನು ತುಂಡು ತುಂಡು ಮಾಡುತ್ತದೆ. ಬಿಸಿ ಜಾಸ್ತಿಯಾದಷ್ಟೂ ಬೇಗ.

ಕಾಗದದಲ್ಲಿ ಆಮ್ಲ ಇದೆಯೇ ಅಂತ ನೋಡಲು ಪಿಎಚ್ ಪೆನ್ನು ಸಿಗುತ್ತದೆ. ಗೆರೆ ನೇರಳೆಯಾದರೆ ಆಮ್ಲ ಇಲ್ಲ, ಹಳದಿಯಾದರೆ ಇದೆ. ಆ ಗೆರೆ ಮತ್ತೆ ಹೋಗುವುದಿಲ್ಲ. ಹಾಗಾಗಿ ಅದನ್ನು ಫೈಲು, ಲಕೋಟೆ, ರಟ್ಟು ಪರೀಕ್ಷಿಸಲು ಮಾತ್ರ ಬಳಸಿ, ದಾಖಲೆಯ ಮೇಲೆ ಎಂದೂ ಬೇಡ. ಮೂಲೆ ಮಡಚಿ ಮುರಿಯುತ್ತದಾ ಅಂತ ನೋಡುವವರೂ ಇದ್ದಾರೆ. ಮುರಿದರೆ ಮೂಲೆ ಹೋಯಿತು, ಗೊತ್ತಾಗಿದ್ದೇನು?

ಹಾಳೆಯ ನಡುವೆ ಚೌಕಾಕಾರದ ಕಂದು ಕಲೆ ಇದ್ದರೆ ಒಳಗೆ ಪತ್ರಿಕೆಯ ತುಣುಕು ಇತ್ತೇ ನೆನಪು ಮಾಡಿಕೊಳ್ಳಿ. ನ್ಯೂಸ್‌ಪ್ರಿಂಟ್‌ನ ಆಮ್ಲ ಪಕ್ಕದ ಹಾಳೆಗೂ ಹರಡುತ್ತದೆ. ಹಸಿ ಮರದ ಅಥವಾ ಪ್ಲೈವುಡ್ ಕಪಾಟು ಕೂಡ ಆಮ್ಲದ ಆವಿ ಬಿಡುತ್ತದೆ.

ಹೋದ ಬಣ್ಣ ಮನೆಯಲ್ಲಿ ವಾಪಸ್ ಬರುವುದಿಲ್ಲ. ಕೆಡುವ ವೇಗ ತಗ್ಗಿಸಬಹುದು, ಅಷ್ಟೇ. ಮಡಿಕೆ ಬಿಡಿಸಿ ಸಪಾಟಾಗಿ ಇಡಿ. ಆದರೆ ಬಿಡಿಸುವಾಗಲೇ ಮುರಿಯುವಂತಿದ್ದರೆ ಬಲವಂತ ಬೇಡ. ಸುಣ್ಣದ ಅಂಶ ಇರುವ, ಆಮ್ಲ ಇಲ್ಲದ ಫೋಲ್ಡರಿಗೆ ಹಾಕಿ ತಂಪಾದ ಕತ್ತಲ ಜಾಗದಲ್ಲಿಡಿ. ಆಮ್ಲ ತೆಗೆಯುವ ಸ್ಪ್ರೇಗಳಿವೆ. ಕೆಲವು ಶಾಯಿಗಳ ಬಣ್ಣವನ್ನೇ ಅವು ಬದಲಿಸಬಲ್ಲವು. ಸಹಿ ಇರುವ ಪತ್ರದ ಮೇಲೆ ನಾನಂತೂ ಹೊಡೆಯುವುದಿಲ್ಲ.

ಹೊಸ ದಾಖಲೆ ಮಾಡಿಸುವವರು ಒಂದು ಕೆಲಸ ಮಾಡಬಹುದು: ಐಎಸ್‌ಒ 9706 ಎಂಬ ಅಂತರರಾಷ್ಟ್ರೀಯ ಗುಣಮಟ್ಟದ ಗುರುತು ಬರೆದ ಕಾಗದ ಕೇಳಿ. ವೃತ್ತದೊಳಗೆ ಮಲಗಿದ ಎಂಟರಂಥ ಚಿಹ್ನೆ ಇರುತ್ತದೆ. ಅದರ ಪಿಎಚ್ (7ಕ್ಕಿಂತ ಕಡಿಮೆ ಇದ್ದರೆ ಆಮ್ಲ, ಹೆಚ್ಚಿದ್ದರೆ ಕ್ಷಾರ) 7.5ರಿಂದ 10ರೊಳಗೆ, ಜೊತೆಗೆ ಆಮ್ಲವನ್ನು ತಡೆಯಲು ಕನಿಷ್ಠ 2 ಶೇಕಡಾ ಕ್ಯಾಲ್ಸಿಯಂ ಕಾರ್ಬೊನೇಟ್‌ಗೆ ಸಮನಾದ ಕ್ಷಾರ ಇರಬೇಕು ಎಂಬುದು ನಿಯಮ.

ಮಡಿಕೆಯಲ್ಲಿ ಹರಿದಿತ್ತು, ಟೇಪ್ ಹಾಕಿದೆ

ಟೇಪು ಮೂರು ಹಂತದಲ್ಲಿ ಕೆಡಿಸುತ್ತದೆ. ನಿಮ್ಮದು ಯಾವ ಹಂತ ನೋಡಿಕೊಳ್ಳಿ. ಮೊದಲು ಅಂಟು ಮೇಲ್ಮೈಯಲ್ಲೇ ಇರುತ್ತದೆ, ಏನೂ ಆಗಿಲ್ಲ ಅನ್ನಿಸುತ್ತದೆ. ಎರಡನೆಯದರಲ್ಲಿ ಅಂಟು ಎಣ್ಣೆಯಂತಾಗಿ ಕಾಗದದೊಳಗೆ ಇಳಿಯುತ್ತದೆ. ಆ ಜಾಗ ಎಣ್ಣೆ ಬಿದ್ದ ಹಾಗೆ ಅರೆಪಾರದರ್ಶಕ ಆಗುತ್ತದೆ, ಕೆಲವು ಶಾಯಿ ಅಲ್ಲೇ ಕದಡುತ್ತವೆ. ಕೊನೆಗೆ ಅಂಟು ಒಣಗಿ ಗಡುಸಾಗಿ, ಟೇಪು ತಾನಾಗಿ ಉದುರಿ, ಕಂದು ಪಟ್ಟಿ ಉಳಿಯುತ್ತದೆ. ಈ ಪಟ್ಟಿಯನ್ನು ತೆಗೆಯುವುದು ಪರಿಣತರಿಗೂ ಕಷ್ಟ.

ಮೊದಲ ಹಂತದಲ್ಲಿದ್ದರೆ ತಜ್ಞರ ಬಳಿ ಒಯ್ಯಲು ಅದೇ ಸರಿಯಾದ ಸಮಯ. ಕಿತ್ತರೆ ಮೇಲಿನ ಪದರವೇ ಅಕ್ಷರ ಸಮೇತ ಬರುತ್ತದೆ. ಹೇರ್ ಡ್ರೈಯರ್ ಹಿಡಿಯುವ ಉಪಾಯ ಹಲವರು ಹೇಳುತ್ತಾರೆ. ಬಿಸಿಗೆ ಟೇಪಿನ ಅಂಟು ಮಾತ್ರ ಅಲ್ಲ, ಟೋನರೂ ಮೆತ್ತಗಾಗುತ್ತದೆ.

ತಜ್ಞರು ಹರಿದದ್ದನ್ನು ತೆಳು ಜಪಾನಿ ಕಾಗದ ಮತ್ತು ಗೋಧಿ ಗಂಜಿಯ ಅಂಟಿನಿಂದ ಕೂಡಿಸುತ್ತಾರೆ. ಮುಂದೆ ಬೇಕೆಂದರೆ ಒದ್ದೆ ಮಾಡಿ ಬಿಡಿಸಬಹುದು. ಟೇಪಿಗೂ ಇದಕ್ಕೂ ಇರುವ ವ್ಯತ್ಯಾಸ ಅದೇ. ಅಲ್ಲಿಯವರೆಗೆ ಹರಿದ ಹಾಳೆಯನ್ನು ಏನೂ ಅಂಟಿಸದೆ, ಹಿಂದೊಂದು ಗಟ್ಟಿ ಹಾಳೆ ಕೊಟ್ಟು, ಪಾಲಿಯೆಸ್ಟರ್ ಕವರಿನಲ್ಲಿಟ್ಟರೆ ಸಾಕು.

ಬೂಷ್ಟು ಬಂದಿದೆ, ಮುಗ್ಗಲು ವಾಸನೆ

ಗಾಳಿಯ ತೇವಾಂಶ 65 ಶೇಕಡಾ ದಾಟಿ ನಿಂತರೆ ಬೂಷ್ಟಿಗೆ ದಾರಿ ತೆರೆದಂತೆ. ಮೊದಲು ಅದು ಜೀವಂತವೋ ಒಣಗಿದ್ದೋ ತಿಳಿಯಿರಿ. ಹತ್ತಿಯಂತೆ ನವಿರಾಗಿ, ಮೃದುವಾದ ಕುಂಚದ ತುದಿ ತಾಗಿಸಿದರೆ ಮೆತ್ತಿಕೊಂಡರೆ ಜೀವಂತ. ಒಣ ಪುಡಿಯಂತೆ ಉದುರಿದರೆ ಸದ್ಯಕ್ಕೆ ಮಲಗಿದೆ, ತೇವ ಸಿಕ್ಕರೆ ಮತ್ತೆ ಏಳುತ್ತದೆ.

ಜೀವಂತ ಬೂಷ್ಟನ್ನು ಒರೆಸಲೇಬೇಡಿ, ನಾರಿನೊಳಗೆ ತಿಕ್ಕಿದಂತಾಗುತ್ತದೆ. ಆ ಹಾಳೆಗಳನ್ನು ಉಳಿದವುಗಳಿಂದ ಬೇರೆ ಮಾಡಿ, ತೇವ ಕಡಿಮೆ ಇರುವ, ಗಾಳಿಯಾಡುವ ನೆರಳಿನಲ್ಲಿ ಒಣಗಲು ಬಿಡಿ. ಪುಡಿಯಾದ ಮೇಲೆ ಎನ್95 ಮಾಸ್ಕ್ ಹಾಕಿಕೊಂಡು, ಮನೆಯ ಹೊರಗೆ, ಮೃದು ಕುಂಚದಿಂದ ಮೆಲ್ಲಗೆ ತೆಗೆಯಿರಿ. ಬಿಸಿಲಿಗೆ ಹಾಕುವುದು, ಬ್ಲೀಚ್ ಹಚ್ಚುವುದು ಎರಡೂ ಬೇಡ.

ಕಾರಣ ಹಿಡಿಯದೆ ಬರೀ ಬೂಷ್ಟು ತೆಗೆದರೆ ಮುಂದಿನ ಮಳೆಗಾಲಕ್ಕೆ ಮತ್ತೆ ಅದೇ ಕಥೆ. ಒಂದು ಚಿಕ್ಕ ತೇವಮಾಪಕವನ್ನು ಕಪಾಟಿನೊಳಗೇ ಇಟ್ಟು ಎರಡು ವಾರ ಬೆಳಿಗ್ಗೆ, ರಾತ್ರಿ ಬರೆದುಕೊಳ್ಳಿ. ಕೋಣೆಯಲ್ಲಿ ಇಡುವುದಲ್ಲ, ಕಪಾಟಿನೊಳಗೆ. ಎರಡೂ ಒಂದೇ ಅಲ್ಲ. ಒಳಗೆ ಮಾತ್ರ ಜಾಸ್ತಿ ತೋರಿಸಿದರೆ ಕಪಾಟು ಹೊರಗೋಡೆಗೋ ಬಚ್ಚಲಿನ ಗೋಡೆಗೋ ಒತ್ತಿಕೊಂಡಿದೆಯಾ ನೋಡಿ. ಒಂದು ಗೇಣು ಈಚೆ ಎಳೆಯಿರಿ, ದಾಖಲೆಗಳನ್ನು ತಳದ ಅರೆಯಿಂದ ಮೇಲಕ್ಕೆ ಏರಿಸಿ. 30ರಿಂದ 50 ಶೇಕಡಾ ನಡುವೆ ಇದ್ದರೆ ಚೆನ್ನ. ಬೆಳಿಗ್ಗೆಗೂ ರಾತ್ರಿಗೂ ಏರಿಳಿತ ಕಡಿಮೆ ಇರುವುದೂ ಅಷ್ಟೇ ಮುಖ್ಯ.

ದಾಖಲೆಗಳು ಬೆಂಕಿ ತಡೆಯುವ ಪೆಟ್ಟಿಗೆಯಲ್ಲಿದ್ದರೆ ತೇವಮಾಪಕ ಇಡುವ ಮೊದಲೇ ನನ್ನ ಅನುಮಾನ ಪೆಟ್ಟಿಗೆಯ ಮೇಲೆ. ಇದು ಬಹಳ ಜನಕ್ಕೆ ಗೊತ್ತಿಲ್ಲ. ಇಂಥ ಪೆಟ್ಟಿಗೆಯ ಗೋಡೆಯೊಳಗೆ ನೀರಿನಂಶ ಹಿಡಿದಿಟ್ಟುಕೊಂಡ ಪದಾರ್ಥ ತುಂಬಿರುತ್ತಾರೆ. ಬೆಂಕಿ ಬಿದ್ದಾಗ ಆ ನೀರು ಆವಿಯಾಗಿ ಒಳಗಿನ ಬಿಸಿಯನ್ನು ತಗ್ಗಿಸುತ್ತದೆ. ಕಾಗದಕ್ಕೆಂದು ಮಾಡಿದ ಪೆಟ್ಟಿಗೆಯ ಒಳಗಿನ ಬಿಸಿ ನಿಗದಿತ ಸಮಯದವರೆಗೆ 177 ಡಿಗ್ರಿ ಸೆಲ್ಸಿಯಸ್ ದಾಟಬಾರದು ಎನ್ನುವುದು ಪರೀಕ್ಷೆಯ ಅಳತೆ. ಒಳ್ಳೆಯದೇ. ಆದರೆ ಬೆಂಕಿ ಬೀಳದ ದಿನಗಳೇ ಜಾಸ್ತಿ. ಬಿಗಿಯಾಗಿ ಮುಚ್ಚಿದ ಪೆಟ್ಟಿಗೆಯಲ್ಲಿ ಅದೇ ತೇವ ಮೆಲ್ಲಗೆ ಜಿನುಗಿ ಕಾಗದ ಹಸಿಯಾಗುತ್ತದೆ. ಹದಿನೈದು ದಿನಕ್ಕೊಮ್ಮೆ ಬಾಗಿಲು ತೆರೆದು ಗಾಳಿಯಾಡಲು ಬಿಡಿ. ತೇವ ಹೀರುವ ಸಿಲಿಕಾ ಜೆಲ್ ಹರಳಿನ ಪೊಟ್ಟಣ ಇಡಿ, ಬಣ್ಣ ತಿರುಗಿದೊಡನೆ ಒಣಗಿಸಿ ಮತ್ತೆ ಇಡಿ. ಒಮ್ಮೆ ಇಟ್ಟು ಮರೆತ ಸಿಲಿಕಾ ಜೆಲ್ ಸುಮ್ನೆ ಕಲ್ಲಿನ ಪೊಟ್ಟಣ ಅಷ್ಟೇ.

ನೀರು ಬಿದ್ದಿದೆ, ಈಗಲೇ ಏನಾದರೂ ಮಾಡಬೇಕು

ಕೈಯಲ್ಲಿರುವುದು ಸುಮಾರು 48 ಗಂಟೆ. ಆಮೇಲೆ ಬೂಷ್ಟು ಶುರು. ಹಾಳೆಗಳು ಒಂದಕ್ಕೊಂದು ಅಂಟಿದ್ದರೆ ಒದ್ದೆಯಲ್ಲೇ ಬಿಡಿಸಲು ಹೋಗಬೇಡಿ, ಒದ್ದೆ ಕಾಗದಕ್ಕೆ ಶಕ್ತಿಯೇ ಇರುವುದಿಲ್ಲ. ಕೆಲವೇ ಹಾಳೆ ಇದ್ದರೆ ಬ್ಲಾಟಿಂಗ್ ಪೇಪರ್ ಮೇಲೆ ಹರಡಿ, ಫ್ಯಾನಿನ ಗಾಳಿ ನೇರ ಬೀಳದಂತೆ ಒಣಗಿಸಿ. ಇಸ್ತ್ರಿ ಪೆಟ್ಟಿಗೆ ತೆಗೆಯಬೇಡಿ.

ಕಟ್ಟುಗಟ್ಟಲೆ ಇದ್ದರೆ ಪಾಲಿಥೀನ್ ಚೀಲದಲ್ಲಿ ಹಾಕಿ ಫ್ರೀಜರಿಗೆ ಇಡಿ. ಅಲ್ಲಿ ಬೂಷ್ಟು ಬೆಳೆಯುವುದಿಲ್ಲ, ಶಾಯಿ ಇನ್ನಷ್ಟು ಹರಡುವುದಿಲ್ಲ, ಯೋಚಿಸಲು ಸಮಯ ಸಿಗುತ್ತದೆ. ಆಮೇಲೆ ನಿರ್ವಾತದಲ್ಲಿ ಒಣಗಿಸುವ ಸೌಲಭ್ಯ ಇರುವವರಿಗೆ ಕೊಡಬಹುದು. 1973ರ ಜುಲೈ 12ರಂದು ಅಮೆರಿಕದ ಸೇಂಟ್ ಲೂಯಿಸ್‌ನ ರಾಷ್ಟ್ರೀಯ ಸಿಬ್ಬಂದಿ ದಾಖಲೆ ಕೇಂದ್ರಕ್ಕೆ ಬೆಂಕಿ ಬಿತ್ತು. ಸೈನಿಕರ ಒಂದೂವರೆ ಕೋಟಿಗೂ ಮೀರಿದ ಕಡತಗಳು ಹೋದವು. ಉಳಿದವು ಬೆಂಕಿ ಆರಿಸಿದ ನೀರಿನಲ್ಲಿ ತೊಯ್ದಿದ್ದವು. ಅವುಗಳಲ್ಲಿ ಬಹಳಷ್ಟನ್ನು ದೊಡ್ಡ ನಿರ್ವಾತ ಕೋಣೆಗಳಲ್ಲಿ ಒಣಗಿಸಿ ಉಳಿಸಿಕೊಂಡರು. ಸುಟ್ಟಿದ್ದು ವಾಪಸ್ ಬರಲಿಲ್ಲ, ನೆಂದದ್ದು ಬಂತು.

ಅಕ್ಷರ ಮಸುಕಾಗುತ್ತಿದೆ

ಶಾಯಿ ಯಾವುದು ಅನ್ನುವುದರ ಮೇಲೆ ಉತ್ತರ ನಿಂತಿದೆ.

ನುಣುಪಾದ ತೆಳು ರಸೀದಿ ಕಾಗದದಲ್ಲಿ ಶಾಯಿಯೇ ಇರುವುದಿಲ್ಲ. ಬಿಸಿಗೆ ಬಣ್ಣ ತಿರುಗುವ ಲೇಪನ ಅದು. ಬೇಡದ ಒಂದು ಚೀಟಿಯ ಮೇಲೆ ಉಗುರಿನಿಂದ ಗೀಚಿ ನೋಡಿ, ಕಪ್ಪು ಗೆರೆ ಮೂಡಿದರೆ ಅದೇ ಜಾತಿ. ಬೆಳಕು, ಬಿಸಿ, ಪಿವಿಸಿ ಕವರು ಯಾವುದು ತಾಗಿದರೂ ಅಕ್ಷರ ಹಾರಿಹೋಗುತ್ತದೆ. ಹಣ ಕಟ್ಟಿದ ರಸೀದಿ ಇಂಥದ್ದಾಗಿದ್ದರೆ ಇವತ್ತೇ ಜೆರಾಕ್ಸ್ ಮಾಡಿಸಿ. ಅದನ್ನು ಲ್ಯಾಮಿನೇಟ್ ಮಾಡಲು ಕೊಟ್ಟರೆ ಪೂರ್ತಿ ಕಪ್ಪಾಗಿ ಬರುತ್ತದೆ. ಕಾರ್ಬನ್ ಇಲ್ಲದೆ ನಕಲು ಮೂಡುವ ಹಾಳೆಗಳೂ ಇದೇ ರೀತಿ ನಂಬಲಾಗದವು.

ಹಳೆಯ ಕೈಬರಹ ಕಂದಾಗಿ, ಅಕ್ಷರದ ಸುತ್ತ ನೆರಳಿನಂತೆ ಕಲೆ ಇದ್ದರೆ ಅದು ಕಬ್ಬಿಣದ ಅಂಶವಿರುವ ಶಾಯಿ. ಅದು ಕಾಗದವನ್ನು ಒಳಗಿಂದ ಸುಡುತ್ತದೆ, ಕೊನೆಗೆ ಅಕ್ಷರದ ಆಕಾರದಲ್ಲೇ ತೂತು ಬೀಳುತ್ತದೆ. ನೀರು ತಾಗಿದರೆ ಇನ್ನೂ ಬೇಗ ಹರಡುತ್ತದೆ. ಈ ಶಾಯಿ ನೇರಳಾತೀತ ಬೆಳಕನ್ನು ಹೀರುವುದರಿಂದ ಯುವಿ ಟಾರ್ಚನ್ನು ಕೆಲವೇ ಸೆಕೆಂಡು ಬಿಟ್ಟರೆ ಮಸುಕಾದ ಸಾಲು ಕಪ್ಪಾಗಿ ಕಾಣಬಹುದು. ಆಗಲೇ ಫೋಟೋ ತೆಗೆದುಕೊಳ್ಳಿ.

ಸಹಿ ಮಾತ್ರ ಮಸುಕಾಗಿ ಟೈಪ್ ಆದದ್ದು ಕಪ್ಪಾಗಿಯೇ ಇದ್ದರೆ ದೋಷ ಪೆನ್ನಿನದು. ದಾಖಲೆಗೆ ತಕ್ಕ ಬಾಲ್‌ಪೆನ್ನಿಗೆ ಐಎಸ್‌ಒ 12757-2, ಜೆಲ್ ಪೆನ್ನಿಗೆ 27668-2 ಎಂಬ ಗುರುತಿದೆ. ಮುಂದಿನ ಸಹಿಗೆ ಅಂಥದ್ದನ್ನು ಜೇಬಿನಲ್ಲಿಟ್ಟುಕೊಂಡು ಹೋಗಿ.

ತೂತು, ತಿಂದ ಗುರುತು

ಮೇಲ್ಪದರ ಕೆರೆದಂತೆ ತೆಳುವಾಗಿ, ಅಂಚು ಅಂಕುಡೊಂಕಾದ ತೂತಾಗಿದ್ದರೆ ಬೆಳ್ಳಿ ಹುಳು. ಅದಕ್ಕೆ ಗಂಜಿ ಅಂಟು ಇಷ್ಟ. ಮಣ್ಣಿನ ಗೆರೆ ಕಂಡರೆ ಗೆದ್ದಲು, ಆಗ ಕಾಗದ ಬಿಟ್ಟು ಗೋಡೆ ನೋಡಿ. ಸಾಸಿವೆಗಿಂತ ಚಿಕ್ಕ ಬಿಳಿ ಹುಳು ಓಡಾಡಿದರೆ ತೇವ ಜಾಸ್ತಿ ಅಂತ ಅರ್ಥ, ಅವು ತಿನ್ನುವುದು ಹೆಚ್ಚಾಗಿ ಬೂಷ್ಟನ್ನು.

ಹುಳು ಬಿದ್ದ ಕಟ್ಟನ್ನು ಚೀಲದಲ್ಲಿ ಬಿಗಿಯಾಗಿ ಕಟ್ಟಿ ಮೈನಸ್ 20 ಡಿಗ್ರಿಯಲ್ಲಿ ಎರಡು ವಾರ ಇಡಿ. ಹೊರಗೆ ತೆಗೆದ ಮೇಲೆ ಒಂದು ದಿನ ಚೀಲ ಬಿಚ್ಚಬೇಡಿ, ಇಲ್ಲದಿದ್ದರೆ ಹೊರಗಿನ ತೇವ ಕಾಗದದ ಮೇಲೆ ಇಬ್ಬನಿಯಂತೆ ಕೂರುತ್ತದೆ. ನುಸಿಗುಳಿಗೆ ಬೇಡ. ಅದರ ಆವಿ ಉಸಿರಾಡುವವರಿಗೆ ಒಳ್ಳೆಯದಲ್ಲ, ಇರುವ ಹುಳುವನ್ನು ಪೂರ್ತಿ ಕೊಲ್ಲುತ್ತದೆ ಎನ್ನುವ ಭರವಸೆಯೂ ಇಲ್ಲ.

ಪಿನ್ನು ತುಕ್ಕು ಹಿಡಿದಿದೆ

ಸಾಮಾನ್ಯ ಪತ್ರವಾದರೆ ಪಿನ್ನಿನ ಕೆಳಗೆ ತೆಳು ಪಾಲಿಯೆಸ್ಟರ್ ತುಂಡು ತೂರಿಸಿ, ಹಿಂಬದಿಯ ಕಾಲುಗಳನ್ನು ಎತ್ತಿ, ಮೆಲ್ಲಗೆ ತೆಗೆಯಿರಿ. ಆದರೆ ವಿಲ್ ಆಗಿದ್ದರೆ ಮುಟ್ಟುವ ಮೊದಲು ವಕೀಲರನ್ನು ಕೇಳಿ. ಖಾಲಿ ಪಿನ್ ತೂತು ಕಂಡರೆ "ಇಲ್ಲಿದ್ದ ಇನ್ನೊಂದು ಹಾಳೆ ಎಲ್ಲಿ?" ಎಂಬ ಪ್ರಶ್ನೆ ಏಳಬಹುದು. ತುಕ್ಕಿಗಿಂತ ಆ ಪ್ರಶ್ನೆ ದುಬಾರಿ.

ಲ್ಯಾಮಿನೇಷನ್ ಆಗಿಬಿಟ್ಟಿದೆ

ಬೇಜಾರು ಮಾಡಿಕೊಳ್ಳಬೇಡಿ, ದೊಡ್ಡವರೇ ಎಡವಿದ್ದಾರೆ. 1930ರ ದಶಕದಲ್ಲಿ ಅಮೆರಿಕದ ವಿಲಿಯಂ ಬ್ಯಾರೋ ಹಳೆಯ ದಾಖಲೆಗಳನ್ನು ಸೆಲ್ಯುಲೋಸ್ ಅಸಿಟೇಟ್ ಎಂಬ ಪ್ಲಾಸ್ಟಿಕ್ ಹಾಳೆಗಳ ನಡುವೆ ಬಿಸಿಯಲ್ಲಿ ಒತ್ತುವ ವಿಧಾನ ತಂದರು. ದಶಕಗಳ ಕಾಲ ಎಷ್ಟೋ ದಾಖಲಾಗಾರಗಳು ಅದನ್ನೇ ಬಳಸಿದವು. ಈಗ ಆ ಅಸಿಟೇಟೇ ಕೆಡುತ್ತಿದೆ, ಬಿಡಿಸುವುದು ತಜ್ಞರ ಪಾಲಿಗೆ ದೊಡ್ಡ ತಲೆನೋವು. ಅಂಗಡಿಯ ಬಿಸಿ ಲ್ಯಾಮಿನೇಷನ್ನಿನ ಅಂಟೂ ನಾರಿನೊಳಗೆ ಇಳಿದಿರುತ್ತದೆ. ಮನೆಯಲ್ಲಿ ಬಿಡಿಸಲು ಆಗುವುದಿಲ್ಲ, ಪ್ರಯತ್ನವೂ ಬೇಡ. ಕತ್ತಲಲ್ಲಿ, ಬಗ್ಗದಂತೆ ಇಡಿ. ಮುದ್ರೆಯ ಉಬ್ಬನ್ನು ಮುಟ್ಟಿ ನೋಡಲಾಗದ ಕಾರಣ ಇಂಥ ಪತ್ರವನ್ನು ಒಪ್ಪದ ಕಚೇರಿಗಳಿರುತ್ತವೆ. ದೃಢೀಕೃತ ನಕಲನ್ನು ಈಗಲೇ ತೆಗೆಸಿಟ್ಟುಕೊಳ್ಳಿ.

ಸ್ಕ್ಯಾನ್ ಬಗ್ಗೆ ಎರಡು ಮಾತು

300 ಡಿಪಿಐಗಿಂತ (ಒಂದು ಇಂಚಿಗೆ ಎಷ್ಟು ಚುಕ್ಕೆ ಅನ್ನುವ ಅಳತೆ) ಕಡಿಮೆ ಬೇಡ, ಅಕ್ಷರ ಸಣ್ಣದಿದ್ದರೆ 400. ಬಣ್ಣದಲ್ಲೇ ಮಾಡಿ, ಮುದ್ರೆ ಮತ್ತು ಸಹಿಯ ಶಾಯಿ ಬೇರೆ ಬೇರೆ ಅಂತ ತಿಳಿಯಬೇಕು. ದೀರ್ಘಕಾಲ ಇಡಲೆಂದೇ 2005ರಲ್ಲಿ ಪಿಡಿಎಫ್/ಎ ಎಂಬ ಮಾದರಿ ಬಂದಿದೆ, ಅದರಲ್ಲಿ ಉಳಿಸಿ. ಆದರೆ ಸ್ಕ್ಯಾನು ಮೂಲಪತ್ರದ ಜಾಗ ತುಂಬುತ್ತದೆ ಅಂದುಕೊಳ್ಳಬೇಡಿ, ವಿಲ್ ವಿಷಯದಲ್ಲಂತೂ ಮೂಲವನ್ನೇ ಕೇಳುತ್ತಾರೆ.

ನನ್ನ ಕ್ರಯಪತ್ರಕ್ಕೆ ನೋಂದಣಿ ಕಚೇರಿಯಿಂದ ದೃಢೀಕೃತ ನಕಲು ಸಿಕ್ಕಿತು. ಮೂಲ ಹಾಳೆ ಈಗ ಆಮ್ಲವಿಲ್ಲದ ಫೋಲ್ಡರಿನಲ್ಲಿ, ನಡು ಅರೆಯಲ್ಲಿ ಇದೆ. ಆ ಪ್ಲಾಸ್ಟಿಕ್ ಕವರನ್ನು ಬಿಸಾಡಿಲ್ಲ. ಅರ್ಧ ಅಕ್ಷರ ಅದರಲ್ಲೇ ಇವೆಯಲ್ಲ! ಬೇರೆ ಪೆಟ್ಟಿಗೆಯಲ್ಲಿ, ಬೇರೆ ಕಾಗದಕ್ಕೆ ತಾಗದಂತೆ ಇಟ್ಟಿದ್ದೇನೆ. ಮೇಲೆ ಪೆನ್ಸಿಲ್‌ನಲ್ಲಿ ಬರೆದ ಚೀಟಿ ಇದೆ: "ಖಾಲಿ ಅಲ್ಲ, ಎಸೆಯಬೇಡಿ."